ನಗಬೇಡಿ, ಹುಂಜ ಬಂತು

ಮೊನ್ನೆ ರಜೆಗೆ ಊರಿಗೆ ಹೋಗಿದ್ದಾಗ ತಮ್ಮನ ಮಗ ಜಗಲಿ ಮೇಲೆ ಕೂತು ಮೊಬೈಲು ನೋಡುತ್ತ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಮ್ಮೂರು ಹೊಳಲ್ಕೆರೆಗೂ ಹೊಸದುರ್ಗಕ್ಕೂ ನಡುವೆ. ಸಂಜೆ ಹೊತ್ತು ಅಲ್ಲಿ ನಗು ಕೇಳಿಸಿದರೆ ನಾಲ್ಕು ಮನೆಗೆ ಗೊತ್ತಾಗುತ್ತದೆ. ಬಗ್ಗಿ ನೋಡಿದೆ. ಪರದೆ ತುಂಬ ಒಬ್ಬ ರಾಕ್ಷಸ. ನಾಲ್ಕಂತಸ್ತಿನ ಕಟ್ಟಡವನ್ನು ಮಂಡಕ್ಕಿ ಮುಕ್ಕುವವನ ಹಾಗೆ ಮುಷ್ಟಿಮುಷ್ಟಿ ಪುಡಿ ಮಾಡುತ್ತಿದ್ದ. ಜನ ದಿಕ್ಕಾಪಾಲು. ಅವನ ಹೆಬ್ಬೆರಳಿನಷ್ಟೂ ಎತ್ತರವಿಲ್ಲದ ಒಂದು ಹುಂಜ ರಸ್ತೆ ನಡುವೆ ಎದೆ ಸೆಟೆಸಿ ನಿಂತಿತ್ತು. ಮುಖದಲ್ಲಿ ಹಳೇ ಸಿನಿಮಾದ ನಾಯಕನ ಗಾಂಭೀರ್ಯ. ಒಂದು ನೆಗೆತ, ಒಂದು ಒದೆ, ಆಮೇಲೆ ಒಂದು ಕೂಗು. ರಾಕ್ಷಸ ಚೂರುಚೂರು.

ಹುರುಳಿ ಹಸನು ಮಾಡುತ್ತಿದ್ದ ಅವ್ವ ಮೊರ ಕೆಳಗಿಟ್ಟು ತಾನೂ ಇಣುಕಿದಳು. ಸ್ವಲ್ಪ ಹೊತ್ತು ನೋಡಿ, ‘ಯಾರ ಮನೆ ಹುಂಜಲಾ ಅದು?’ ಅಂದಳು.

‘ಅಜ್ಜಿ, ಅದು ಜಪಾನ್ ಹುಂಜ. ರಾಕ್ಷಸರನ್ನ ಕೊಲ್ತೈತೆ.’

‘ಜಪಾನಂದೇ ಇರ್ಲಿ. ಸಾಕಿದೋರು ಯಾರು ಅಂದೆ.’

ಹುಡುಗನ ಹತ್ತಿರ ಉತ್ತರವಿರಲಿಲ್ಲ. ಅವ್ವ ಮೊರ ಎತ್ತಿಕೊಂಡಳು. ‘ಕೂಗ್ತೈತೇನು?’ ‘ಹೂಂ, ಕೂಗಿದ ತಕ್ಷಣ ರಾಕ್ಷಸ ಢಮಾರ್.’ ‘ಮತ್ತೆ? ಕೋಳಿ ಕೂಗಿದ ಮ್ಯಾಲೆ ರಾಕ್ಷಸ ನಿಲ್ತಾನಾ? ಅದ್ರಾಗೆ ನಗಾದೇನೈತೆ?’

ಹನ್ನೆರಡು ವರ್ಷದ ಹುಡುಗನಿಗೆ ನಗೆಪಾಟಲಾಗಿ ಕಂಡದ್ದು ಎಂಬತ್ತು ದಾಟಿದ ಅವ್ವನಿಗೆ ನೇರ ಲೆಕ್ಕವಾಗಿತ್ತು. ಅವಳಿಗೆ ಗೋಜಲಾಗಿದ್ದು ಒಂದೇ: ಹುಂಜದ ವಾರಸುದಾರರು ಯಾರು? ಆ ಪ್ರಶ್ನೆ ನನ್ನ ಜತೆ ಬಸ್ಸು ಹತ್ತಿ ಬೆಂಗಳೂರಿಗೂ ಬಂತು.

ಅಂಗಳದ ಹಕ್ಕಿ

ಆ ಹುಂಜದ ಹೆಸರು ಕೇಜಿ. ಶೂ ಸಕುರತನಿ ಎಂಬ ಚಿತ್ರಕಾರ 2020ರ ಕೊನೆಯಲ್ಲಿ ಬರೆಯಲು ಶುರುಮಾಡಿದ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, ಇದರ ಮೂಲ. ಜಪಾನಿನಲ್ಲಿ ಅದು ‘ನಿವಾತೊರಿ ಫೈಟರ್’, ಹೊರಗೆ ‘ರೂಸ್ಟರ್ ಫೈಟರ್’. ಕಂಪ್ಯೂಟರಿನ ಮೂರು ಆಯಾಮದ ಚಿತ್ರಣದಲ್ಲಿ ಪಳಗಿದ ಸಂಜಿಗೆನ್ ಸ್ಟುಡಿಯೊ ಅದನ್ನು ಅನಿಮೆ ಮಾಡಿತು. ನಿವಾತೊರಿ ಎಂದರೆ ಕೋಳಿ. ಪದವನ್ನು ಬಿಡಿಸಿದರೆ ‘ಅಂಗಳದ ಹಕ್ಕಿ’.

ಕಥೆ ಬಹಳ ಸರಳ. ಊರುಗಳಲ್ಲಿ ದಿಢೀರನೆ ದೈತ್ಯಾಕಾರದ ರಾಕ್ಷಸರು ಏಳುತ್ತಾರೆ. ಅವರೇನೂ ಪಾತಾಳದಿಂದ ಬಂದವರಲ್ಲ. ಒಳಗೊಳಗೇ ಕುದಿದು, ನುಂಗಿದ ಅವಮಾನ ಹುಳಿಯಾಗಿ, ಒಂದು ದಿನ ಮೈ ಬಿರಿದು ಬೆಳೆದುಬಿಟ್ಟ ಮಾಮೂಲಿ ಮನುಷ್ಯರು. ಕೇಜಿಯ ತಂಗಿ ಸಾರಾಳನ್ನು ಅಂಥವನೊಬ್ಬ ಕೊಂದಿದ್ದಾನೆ. ಆ ರಾಕ್ಷಸನನ್ನು ಹುಡುಕುತ್ತ ಕೇಜಿ ಊರೂರು ಅಲೆಯುತ್ತದೆ. ದಾರಿಯಲ್ಲಿ ಎಲಿಜಬೆತ್ ಎಂಬ ಹೇಟೆ, ಪಿಯೊಕೊ ಎಂಬ ಮರಿ ಜತೆಯಾಗುತ್ತವೆ. ಒಂದು ಊರಿನ ಕಂಟಕ ಕಳೆದ ಮೇಲೆ ಅಲ್ಲಿ ನಿಲ್ಲುವಂತಿಲ್ಲ, ಮುಂದಿನ ಊರು. ಒಂಟಿ ಸಮುರಾಯ್ ಸಂಜೆಬೆಳಕಿನಲ್ಲಿ ನಡೆದು ಮರೆಯಾಗುವ ಹಳೆಯ ಜಪಾನಿ ಸಿನಿಮಾಗಳ ನಡಿಗೆಯೇ ಇದು. ಕತ್ತಿ ಇರಬೇಕಾದ ಕಡೆ ಕೊಕ್ಕು ಇದೆ, ಅಷ್ಟೇ.

ಇದರ ಗುಟ್ಟು ಇರುವುದು ಒಂದು ಬಿಗಿಯಲ್ಲಿ. ಕಥೆಯೊಳಗೆ ಯಾರೂ ‘ಇದೇನಿದು, ಕೋಳಿ ಹೊಡೆದಾಡುತ್ತಿದೆಯಲ್ಲ’ ಎಂದು ಹುಂಜವನ್ನು ಗೇಲಿ ಮಾಡಿ ಆಟ ಕೆಡಿಸುವುದಿಲ್ಲ. ಸೇಡು ನಿಜ, ತಂಗಿಯ ನೆನಪು ನಿಜ, ಗಾಯ ನಿಜ. ಅಲ್ಲಿ ನಡುನಡುವೆ ಹುಳ ಕಂಡರೆ ಕುಕ್ಕುವುದೂ ಅಷ್ಟೇ ನಿಜ. ಹೇಳುವವನು ನಗದೆ ಹೇಳುತ್ತಾನೆ, ಅದಕ್ಕೇ ಕೇಳುವವನು ಬಿದ್ದು ನಗುತ್ತಾನೆ. ನಕ್ಕು ಸುಸ್ತಾದ ಮೇಲೆ, ಮೂರನೆಯದೋ ನಾಲ್ಕನೆಯದೋ ಕಂತಿನ ಹೊತ್ತಿಗೆ, ಹುಂಜದ ಸಂಕಟಕ್ಕೆ ಗಂಟಲು ಕಟ್ಟಿಕೊಂಡಿರುತ್ತದೆ. ಯಾವಾಗ ಕಟ್ಟಿತೋ ಗೊತ್ತಾಗುವುದಿಲ್ಲ.

ನಗದೆ ಹೇಳುವ ಈ ಕಸುಬನ್ನು ಜಪಾನಿನವರಿಂದ ನಾವು ಕಲಿಯಬೇಕಾಗಿಲ್ಲ. ಚಿತ್ರದುರ್ಗದ ಬೆಟ್ಟ ಹತ್ತಿದರೆ ಸಾಕು.

ಹಿಡಿಂಬನ ಹಲ್ಲು

ದುರ್ಗದ ಕಲ್ಲಿನ ಕೋಟೆಯಲ್ಲಿ ಹಿಡಿಂಬೇಶ್ವರನ ಗುಡಿಯಿದೆ. ಭೀಮ ಹಿಡಿಂಬಾಸುರನನ್ನು ಕೊಂದ ಜಾಗ ಇದೇ ಎಂದು ಸ್ಥಳಪುರಾಣ. ಆ ರಾಕ್ಷಸನ ಹಲ್ಲು ಎಂದೇ ಒಂದನ್ನು ಅಲ್ಲಿ ತೋರಿಸುತ್ತ ಬಂದಿದ್ದಾರೆ. ನಾನು ಚಿಕ್ಕವನಿದ್ದಾಗ ಅಪ್ಪ ನನ್ನನ್ನು ಮೊದಲ ಸಲ ಮೇಲೆ ಕರೆದೊಯ್ದಾಗ ಆ ಬಂಡೆಗಳ ರಾಶಿ ನೋಡಿ, ಇಷ್ಟು ಕಲ್ಲನ್ನು ಇಲ್ಲಿ ಎಸೆದಾಡಿದವರು ಮನುಷ್ಯರಂತೂ ಅಲ್ಲ ಎಂದುಕೊಂಡಿದ್ದೆ. ಹಿಡಿಂಬನ ಸುದ್ದಿ ಹೇಳಿದವರ ಮುಖದಲ್ಲಿ ಒಂದು ಗೆರೆಯೂ ಸಡಿಲವಾಗಿರಲಿಲ್ಲ. ಅವರು ನಕ್ಕಿದ್ದರೆ ನಾನೂ ನಕ್ಕು ಮರೆತುಬಿಡುತ್ತಿದ್ದೆ.

ಇದೇ ಕೋಟೆಯಲ್ಲಿ ಒನಕೆ ಓಬವ್ವನ ಕಿಂಡಿ ಇದೆ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳುತ್ತಿದ್ದಾಗ, ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ. ನೀರಿಗೆ ಬಂದ ಹೆಂಡತಿ ಕೈಗೆ ಸಿಕ್ಕ ಒನಕೆಯಿಂದ ಒಬ್ಬೊಬ್ಬರನ್ನೇ ಬಡಿದು ಎಳೆದು ಪಕ್ಕಕ್ಕೆ ಹಾಕಿದಳು. ಕತ್ತಿ, ಕೋವಿ, ಕುದುರೆ ಎಲ್ಲ ಇದ್ದ ಕೋಟೆಯ ಮಾನ ಉಳಿಸಿದ್ದು ಭತ್ತ ಕುಟ್ಟುವ ಸಾಧನ. ಅದಕ್ಕೂ ಮುಂಚಿನ ತಿಮ್ಮಣ್ಣ ನಾಯಕನ ಕಥೆ ಇನ್ನೂ ವಿಚಿತ್ರ. ಸಾಳುವ ನರಸಿಂಗನ ಪಾಳೆಯದಿಂದ ರಾತ್ರಿ ಕುದುರೆ ಕದಿಯಲು ಹೋದವನು ಹುಲ್ಲಿನಲ್ಲಿ ಅಡಗುತ್ತಾನೆ. ಎಚ್ಚರಗೊಂಡ ಕುದುರೆಯಾಳು ಕತ್ತಲಲ್ಲಿ ಗೂಟ ಹೊಡೆಯುವಾಗ ಅದು ನೇರ ನಾಯಕನ ಅಂಗೈಯೊಳಗೆ ಇಳಿಯುತ್ತದೆ. ಅವನು ತುಟಿ ಬಿಚ್ಚುವುದಿಲ್ಲ. ಆಳು ಮಲಗಿದ ಮೇಲೆ ಆ ಕೈಯನ್ನೇ ಕಡಿದುಕೊಂಡು ಕುದುರೆ ಹತ್ತಿ ಹೊರಟುಹೋಗುತ್ತಾನೆ. ಯಾವ ಅನಿಮೆಯವನಿಗೆ ಹೇಳಿದರೂ ‘ಇದು ಸ್ವಲ್ಪ ಜಾಸ್ತಿಯಾಯಿತು’ ಎಂದಾನು. ನಮ್ಮವರು ಹೇಳುತ್ತಲೇ ಬಂದಿದ್ದಾರೆ, ಕೈಯ ನೋವು ತಮ್ಮದೇ ಎಂಬಂತೆ.

ಇವತ್ತಿಗೂ ಈ ಕೋಟೆಗೆ ಒಬ್ಬ ನಂಬಲಾಗದ ವೀರ ಇದ್ದಾರೆ. ಕೋತಿರಾಜ್ ಎಂದೇ ಹೆಸರಾದ ಜ್ಯೋತಿರಾಜ್ ಹಗ್ಗವಿಲ್ಲದೆ, ಬರಿಗೈಯಲ್ಲಿ, ನೆಟ್ಟಗಿನ ಕೋಟೆಗೋಡೆ ಹತ್ತುತ್ತಾರೆ. ಹತ್ತುವುದನ್ನು ಕೋತಿಗಳನ್ನು ನೋಡಿ ಕಲಿತದ್ದು ಎನ್ನುತ್ತಾರೆ. ಗುರುವನ್ನು ಹೆಸರಿನಲ್ಲೇ ಇಟ್ಟುಕೊಂಡ ಶಿಷ್ಯ.

ಕಲ್ಲಾದ ನಾಯಿ, ಹಾಡಾದ ಎತ್ತು

ಪ್ರಾಣಿಯನ್ನೇ ವೀರನ ಪೀಠದಲ್ಲಿ ಕೂರಿಸಿದ್ದು ಕನ್ನಡ ನಾಡಿಗೆ ಹೊಸದಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ಒಂದು ಕಲ್ಲಿದೆ. ಹತ್ತನೆಯ ಶತಮಾನದ ನಡುವಿನದು. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಸೇರಿ 949ರಲ್ಲಿ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಮುಗಿಸಿದ್ದರು. ಆ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಅರಸ ಮೆಚ್ಚಿ, ಏನು ಬೇಕು ಕೇಳು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು.

ಆ ಕಾಳಿಯನ್ನು ಒಂದು ದಿನ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಟ್ಟರು. ನಾಯಿ ಹಂದಿಯನ್ನು ಕೊಂದಿತು, ಹಂದಿ ನಾಯಿಯನ್ನು ಕೊಂದಿತು. ಆತಕೂರಿನ ಈಶ್ವರನ ಗುಡಿಯೆದುರು ಕಾಳಿಗೆ ಕಲ್ಲು ನಿಂತಿತು, ಜಮೀನು ಬಿಟ್ಟರು, ಕಲ್ಲನ್ನು ಪೂಜಿಸದೆ ಉಂಡರೆ ಪಾಪ ಎಂದು ಪೂಜೆಯ ಗೊರವನಿಗೆ ಕಟ್ಟಳೆ ಮಾಡಿದರು. ಒಂದೇ ಕಲ್ಲಿನ ಮೇಲೆ ಸಾಮ್ರಾಟರ ಯುದ್ಧವೂ ಇದೆ, ನಾಯಿಯ ಕಾದಾಟವೂ ಇದೆ. ಕೆತ್ತಿದ್ದು ಮಾತ್ರ ನಾಯಿ ಮತ್ತು ಹಂದಿಯನ್ನು. ಆ ಶಿಲ್ಪಿಯೂ ನಗದೆ ಉಳಿ ಹಿಡಿದವನೇ.

ನಮ್ಮ ಕಡೆಗೆ ಬಂದರೆ, ಹಿರಿಯೂರು, ಹೊಸದುರ್ಗ, ಪಕ್ಕದ ಶಿರಾ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಗಣೆ ಊದಿ ಹಾಡುವ ಜುಂಜಪ್ಪನ ಕಥೆಯಿದೆ. ಗಣೆ ಎಂದರೆ ಉದ್ದನೆಯ ಬಿದಿರ ಕೊಳಲು. ಜುಂಜಪ್ಪ ದನಗಾಹಿ ವೀರ, ಸೋದರಮಾವಂದಿರ ಹಗೆಗೆ ಸಿಕ್ಕವನು. ಅವನ ಜತೆಗಾರ ಬಡಮೈಲ ಎಂಬ ಎತ್ತು. ಹೆಸರಿನಲ್ಲೇ ಬಡತನ ಹೊತ್ತ ಎತ್ತು, ಆದರೆ ಇಡೀ ರಾತ್ರಿಯ ಹಾಡಿನಲ್ಲಿ ಅದರ ಮಾತು ಬಂದಾಗ ಕೇಳುವವರು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. ಪಕ್ಕದ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮ್ಯಾಸಬೇಡರಲ್ಲಿ ಇದು ಹಾಡಿಗಷ್ಟೇ ನಿಂತಿಲ್ಲ. ದೇವರೆತ್ತುಗಳೆಂದು ಹಿಂಡುಹಿಂಡು ದನ ಸಾಕುತ್ತಾರೆ. ಅವನ್ನು ಉಳುಮೆಗೆ ಹೂಡುವುದಿಲ್ಲ, ಮಾರುವುದಿಲ್ಲ. ಕಾಯಲು ಕಿಲಾರಿಗಳಿದ್ದಾರೆ. ಸತ್ತರೆ ಮನುಷ್ಯರಿಗೆ ಮಾಡುವಂತೆ ಮಣ್ಣು ಮಾಡುತ್ತಾರೆ. ಬರ ಬಂದಾಗ ತಮ್ಮ ಹೊಟ್ಟೆಗಿಂತ ಮೊದಲು ದೇವರೆತ್ತಿನ ಮೇವಿಗೆ ಪರದಾಡಿದವರನ್ನು ಈ ಜಿಲ್ಲೆ ಕಂಡಿದೆ.

ನಾಯಿ ಆಯಿತು, ಎತ್ತು ಆಯಿತು. ಹುಂಜ?

ಹಿಟ್ಟಿನ ಹುಂಜ ಕೂಗಿದ್ದು

ಹುಂಜವೂ ಇದೆ. ಜಪಾನಿನ ಕೇಜಿಗಿಂತ ಎಂಟುನೂರು ವರ್ಷ ಹಿರಿಯದು, ಅದಕ್ಕಿಂತ ಹೆಚ್ಚು ಅಸಂಗತ, ಮತ್ತು ಅದರ ಮೈಯಲ್ಲಿ ಒಂದು ಗರಿಯೂ ಇಲ್ಲ. ಜನ್ನ 1209ರಲ್ಲಿ ಮುಗಿಸಿದ ‘ಯಶೋಧರ ಚರಿತೆ’ಯ ಹಿಟ್ಟಿನ ಕೋಳಿ ಅದು.

ರಾಣಿ ಅಮೃತಮತಿ ಅಷ್ಟಾವಂಕನೆಂಬ ಕುರೂಪಿ ಮಾವುತನಿಗೆ ಮನಸೋತದ್ದನ್ನು ಕಂಡ ರಾಜ ಯಶೋಧರ, ಕೆಟ್ಟ ಕನಸು ಬಿತ್ತು ಎಂದು ತಾಯಿಗೆ ಸುಳ್ಳು ಹೇಳುತ್ತಾನೆ. ತಾಯಿ ಚಂದ್ರಮತಿ ಬಲಿ ಕೊಡು ಎನ್ನುತ್ತಾಳೆ. ಜೀವ ತೆಗೆಯಲಾರೆ ಎಂದವನು ಕೊನೆಗೆ ಹಿಟ್ಟಿನ ಕೋಳಿ ಕಡಿಯಲು ಒಪ್ಪುತ್ತಾನೆ. ಅಲಂಕಾರ ಮಾಡಿದ ಆ ಕೋಳಿಯನ್ನು ದೇವಿಯ ಮುಂದಿಟ್ಟು ಕತ್ತಿ ಬೀಸುತ್ತಾನೆ. ಹಿಟ್ಟು ಕೂಗುತ್ತದೆ.

ಆ ಕೂಗು ಕೇಳಿ ರಾಜನ ಕೈಯಿಂದ ಕತ್ತಿ ಜಾರುತ್ತದೆ. ಕೊಂದಿದ್ದು ಹಿಟ್ಟನ್ನಾದರೂ ಕೊಲ್ಲಬೇಕೆಂಬ ಸಂಕಲ್ಪ ಹಿಟ್ಟಿನದಲ್ಲವಲ್ಲ. ಆ ಒಂದು ಪಾಪಕ್ಕೆ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಅಲೆಯುತ್ತಾರೆ. ಮಗ ನವಿಲಾದರೆ ತಾಯಿ ನಾಯಿ. ಹೀಗೇ ಒಂದಾದ ಮೇಲೊಂದು ಮೈ ಬದಲಿಸಿ ಕೊನೆಗೆ ಇಬ್ಬರೂ ಕೋಳಿಗಳಾಗಿ ಹುಟ್ಟುತ್ತಾರೆ. ಆ ಕೋಳಿಗಳು ಕೂಗುತ್ತವೆ. ಯಶೋಧರನ ಸ್ವಂತ ಮಗ ಯಶೋಮತಿ, ಸದ್ದು ಕೇಳಿದ ಕಡೆಗೆ ಬಾಣ ಬಿಡುವ ಬಿಲ್ಗಾರ, ತನ್ನ ಕೈಚಳಕ ತೋರಿಸಲು ಹೋಗಿ ಎರಡನ್ನೂ ಕೊಲ್ಲುತ್ತಾನೆ. ತಂದೆಯನ್ನೂ ಅಜ್ಜಿಯನ್ನೂ ಒಂದೇ ಬಾಣಕ್ಕೆ. ಕೂಗಿನಿಂದ ಶುರುವಾದ ಪಾಪ ಕೂಗಿನಿಂದಲೇ ಮುಗಿಯುತ್ತದೆ, ಮುಂದಿನ ಹುಟ್ಟಿಗೆ ಅವರು ಮನುಷ್ಯರು. ಗಿರೀಶ ಕಾರ್ನಾಡರು ಈ ಕಥೆಯನ್ನೇ ಹಿಡಿದು ‘ಹಿಟ್ಟಿನ ಹುಂಜ’ ನಾಟಕ ಬರೆದರು.

ಇದನ್ನು ಒಮ್ಮೆ ತಟಸ್ಥವಾಗಿ ಯೋಚಿಸಿ. ಹಿಟ್ಟಿನ ಕೋಳಿ ಕೂಗುತ್ತದೆ, ರಾಜ ಕೋಳಿಯಾಗುತ್ತಾನೆ, ಮಗ ಅಪ್ಪನನ್ನು ಕೋಳಿಯೆಂದು ಹೊಡೆಯುತ್ತಾನೆ. ಯಾರೋ ಇವತ್ತು ಇದನ್ನು ಅನಿಮೆಗೆಂದು ಬರೆದುಕೊಟ್ಟರೆ ‘ಏನಪ್ಪಾ ಕಲ್ಪನೆ’ ಎನ್ನುತ್ತೇವೆ. ಜನ್ನ ಒಂದು ಕ್ಷಣವೂ ಓದುಗನತ್ತ ಕಣ್ಣು ಮಿಟುಕಿಸಲಿಲ್ಲ. ಅದಕ್ಕೇ ಕಾವ್ಯ ಉಳಿಯಿತು.

ಕೂಗಿನ ಲೆಕ್ಕ

ಕೇಜಿಯ ದೊಡ್ಡ ಆಯುಧ ಒದೆಯಲ್ಲ, ಕೂಗು. ಕನ್ನಡದ ಹುಂಜ ಕೊಕ್ಕೊಕ್ಕೋ ಎಂದರೆ ಜಪಾನಿನದು ಕೊಕೆಕೊಕ್ಕೊ. ಆ ಕೂಗಿನ ಅಲೆಗೆ ರಾಕ್ಷಸ ಸಿಡಿಯುತ್ತಾನೆ. ಅವ್ವ ಹೇಳಿದ ಲೆಕ್ಕ ಜಪಾನಿನ ಪುರಾಣದಲ್ಲೂ ಇದೆ. 712ರ ‘ಕೊಜಿಕಿ’ ಗ್ರಂಥದ ಪ್ರಕಾರ ಸೂರ್ಯದೇವತೆ ಅಮತೆರಾಸು ಮುನಿಸಿಕೊಂಡು ಗವಿಯಲ್ಲಿ ಅಡಗಿದಾಗ ಲೋಕವೆಲ್ಲ ಕತ್ತಲಾಯಿತು. ದೇವತೆಗಳು ಅವಳನ್ನು ಹೊರಗೆ ತರಲು ಹೂಡಿದ ಉಪಾಯಗಳಲ್ಲಿ ಒಂದು, ದೀರ್ಘವಾಗಿ ಕೂಗುವ ಹಕ್ಕಿಗಳನ್ನು ಸೇರಿಸಿ ಕೂಗಿಸಿದ್ದು. ಅಮತೆರಾಸುವಿನ ಇಸೆ ದೇಗುಲದ ಅಂಗಳದಲ್ಲಿ ಇಂದಿಗೂ ಕೋಳಿಗಳು ಓಡಾಡಿಕೊಂಡಿವೆ. ಟೋಟೆಂಕೊ, ಕೊಯೆಯೊಶಿ, ಟೋಮರು ಎಂಬ ತಳಿಗಳನ್ನು ಆ ದೇಶ ಉದ್ದನೆಯ ಕೂಗಿಗೆಂದೇ ಸಾಕಿ ಬೆಳೆಸಿತು.

ನಮ್ಮಲ್ಲೂ ರಾತ್ರಿಯ ಜೀವಿಗಳಿಗೆ ಕೋಳಿ ಕೂಗೇ ಗಡುವು. ಭೂತಗಳು ರಾತ್ರೋರಾತ್ರಿ ಕಟ್ಟಲು ಹೊರಟ ಗುಡಿ ಅರ್ಧಕ್ಕೇ ಯಾಕೆ ನಿಂತಿತು? ಕೋಳಿ ಕೂಗಿತು. ದೆವ್ವ ಬೆನ್ನು ಬಿಟ್ಟಿದ್ದು ಯಾವಾಗ? ಕೋಳಿ ಕೂಗಿದಾಗ. ಗೌತಮನನ್ನು ಹೊತ್ತಿಗೆ ಮುಂಚೆ ನದಿಗೆ ಕಳಿಸಲು ಇಂದ್ರ ಕೋಳಿಯಂತೆ ಕೂಗಿದ ಎಂದು ಜನ ಹೇಳುತ್ತಾರೆ. ದೇವೇಂದ್ರನಿಗೂ ಬೇರೆ ದಾರಿ ಹೊಳೆಯಲಿಲ್ಲ ನೋಡಿ. ತನ್ನ ಹುಂಜ ಕೂಗದಿದ್ದರೆ ಊರಿಗೆ ಬೆಳಗಾಗದು ಎಂದು ಜಂಬ ಪಟ್ಟ ಅಜ್ಜಿಯ ಕಥೆಯನ್ನು ನಾವೆಲ್ಲ ಕೇಳಿಯೇ ಬೆಳೆದವರು.

ವಿಜ್ಞಾನಿಗಳು ಅಜ್ಜಿಯ ಪಕ್ಷ ಪೂರ್ತಿ ವಹಿಸುವುದಿಲ್ಲ, ಪೂರ್ತಿ ಬಿಡುವುದೂ ಇಲ್ಲ. ಜಪಾನಿನದೇ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ಹುಂಜಗಳನ್ನು ಸದಾ ಮಬ್ಬು ಬೆಳಕಿನಲ್ಲಿಟ್ಟು ನೋಡಿದರು. ಬೆಳಗಾಗುವ ಸುಳಿವೇ ಇಲ್ಲದಿದ್ದರೂ ಅವು ಹೊತ್ತಿಗೆ ಸರಿಯಾಗಿ ಕೂಗಿದವು. ಸೂರ್ಯ ಹೇಳಿದ್ದಕ್ಕೆ ಹುಂಜ ಕೂಗುವುದಲ್ಲ, ಗಡಿಯಾರ ಅದರ ಮೈಯೊಳಗೇ ಇದೆ. 2015ರಲ್ಲಿ ಅದೇ ತಂಡ ಇನ್ನೊಂದು ಸಂಗತಿ ಕಂಡುಕೊಂಡಿತು. ಗುಂಪಿನಲ್ಲಿ ಮೊದಲು ಕೂಗುವ ಹಕ್ಕು ಯಜಮಾನ ಹುಂಜಕ್ಕೆ. ಉಳಿದವು ತಂತಮ್ಮ ಅಂತಸ್ತಿನ ಪ್ರಕಾರ ಸರದಿಯಲ್ಲಿ ಕೂಗುತ್ತವೆ, ಮದುವೆಮನೆಯಲ್ಲಿ ಹಿರಿಯರು ಅಕ್ಷತೆ ಹಾಕಿದಂತೆ. 2018ರಲ್ಲಿ ಬೆಲ್ಜಿಯಂನವರು ಕೂಗಿನ ಜೋರನ್ನು ಹುಂಜದ ಕಿವಿಯ ಹತ್ತಿರವೇ ಅಳೆದಾಗ ಒಂದರದು 140 ಡೆಸಿಬೆಲ್ ದಾಟಿತ್ತು. ಜೆಟ್ ವಿಮಾನದ ಪಕ್ಕ ನಿಂತಷ್ಟು. ಹುಂಜ ಕಿವುಡಾಗುವುದಿಲ್ಲವೇ? ಕೊಕ್ಕು ಪೂರ್ತಿ ತೆರೆದಾಗ ಅದರ ಕಿವಿಯ ದಾರಿ ತಾನಾಗಿ ಮುಚ್ಚಿಕೊಳ್ಳುತ್ತದೆಯಂತೆ. ಸಕುರತನಿ ಕೂಗನ್ನು ಆಯುಧ ಮಾಡಿದ್ದು ತಮಾಷೆಗೇ ಇರಬಹುದು, ಆದರೆ ಆ ಆಯುಧ ಉಪಯೋಗಿಸುವವನಿಗೆ ಕಿವಿಗವಸನ್ನು ಪ್ರಕೃತಿ ಮೊದಲೇ ಹೊಲಿದಿಟ್ಟಿದೆ.

ಪರದೆಯ ಮೇಲೆ

ಅನಿಮೆ ಎಂಬ ಮಾತು ಗೊತ್ತಾಗುವ ಮುಂಚೆಯೇ ನಾವು ಅನಿಮೆ ನೋಡಿದ್ದೆವು. 1993ರ ಭಾನುವಾರಗಳಲ್ಲಿ ದೂರದರ್ಶನದಲ್ಲಿ ಬಂದ ಮೌಗ್ಲಿ, ಬಘೀರ, ಬಾಲೂಗಳು ಜಪಾನಿನ ನಿಪ್ಪಾನ್ ಅನಿಮೇಶನ್‌ನವರು ಬರೆದ ಚಿತ್ರಗಳು. ಹೊಸದುರ್ಗದಲ್ಲಿ ಟೀವಿ ಇದ್ದ ಮನೆಯ ಕಿಟಕಿಗೆ ಜೋತುಬಿದ್ದ ನಮಗೆ ಅವು ಪಕ್ಕದ ಕಾಡಿನವೇ. ಅದೇ 1993ರಲ್ಲಿ ಜಪಾನಿನ ಯುಗೋ ಸಾಕೋ ಭಾರತದ ರಾಮ್ ಮೋಹನ್ ಜತೆಗೂಡಿ ರಾಮಾಯಣವನ್ನು ಅನಿಮೆ ಮಾಡಿದ್ದರು. ಅದು ನಮ್ಮ ಥಿಯೇಟರುಗಳಿಗೆ ದೊಡ್ಡದಾಗಿ ಬರಲು 2025ರ ಜನವರಿಯವರೆಗೆ ಕಾಯಬೇಕಾಯಿತು. ಆ ವರ್ಷವೇ ಕನ್ನಡದ ಹೊಂಬಾಳೆ ಸಂಸ್ಥೆ ಅರ್ಪಿಸಿದ, ಅಶ್ವಿನ್ ಕುಮಾರ್ ನಿರ್ದೇಶನದ ಅನಿಮೇಶನ್ ಚಿತ್ರ ‘ಮಹಾವತಾರ ನರಸಿಂಹ’ ಕಂಬದಿಂದ ಅರ್ಧ ಸಿಂಹವನ್ನು ಹೊರಗೆಳೆದು ದೇಶದ ತುಂಬ ಟಿಕೆಟ್ ಮಾರಿತು.

ಕನ್ನಡ ಸಿನಿಮಾ ತನ್ನದೇ ಬಾಲದ ನಾಯಕರನ್ನೂ ಕೊಟ್ಟಿದೆ. ‘ಗಂಧದ ಗುಡಿ’ಯ ವಿಜಯ್ ರೆಡ್ಡಿ 1984ರಲ್ಲಿ ಶಂಕರ್ ನಾಗ್ ನಟಿಸಿದ ‘ತಾಳಿಯ ಭಾಗ್ಯ’ ಮಾಡಿದರು. ಮರುವರ್ಷ ಅದನ್ನೇ ಅವರು ಹಿಂದಿಯಲ್ಲಿ ‘ತೇರಿ ಮೆಹರ್ಬಾನಿಯಾಂ’ ಮಾಡಿದಾಗ, ಸತ್ತ ಯಜಮಾನನ ಸೇಡು ತೀರಿಸುವ ನಾಯಿ ಇಡೀ ದೇಶಕ್ಕೆ ಪರಿಚಯವಾಯಿತು. 2022ರ ‘777 ಚಾರ್ಲಿ’ಯಲ್ಲಿ ಕಿರಣ್‌ರಾಜ್ ಹೊಡೆದಾಟ ಬಿಟ್ಟು ಅಳಿಸಿದರು. ಇನ್ನು ನಮ್ಮ ದುರ್ಗದ ಹೆಸರು ಹೇಳಿದರೆ ‘ನಾಗರಹಾವು’ ಬರದೆ ಇರುತ್ತದೆಯೇ? ತರಾಸು ಕಾದಂಬರಿ, ಪುಟ್ಟಣ್ಣ ಕಣಗಾಲರ 1972ರ ಚಿತ್ರ. ಅಲ್ಲಿ ಹಾವು ಮನುಷ್ಯನ ಸಿಟ್ಟಿಗೆ ಇಟ್ಟ ಹೆಸರು. ಅದೇ ಹೆಸರಿನಲ್ಲಿ 2016ರಲ್ಲಿ ಕೋಡಿ ರಾಮಕೃಷ್ಣ ಮಾಡಿದ ಚಿತ್ರದಲ್ಲಿ ನಿಜವಾಗಿ ನಾಗಿಣಿ ಬಂದಳು. ಅಷ್ಟೇ ಅಲ್ಲ, ತೀರಿಹೋಗಿ ಹೆಚ್ಚುಕಡಿಮೆ ಏಳು ವರ್ಷವಾಗಿದ್ದ ವಿಷ್ಣುವರ್ಧನ್ ಕಂಪ್ಯೂಟರಿನ ಬಲದಿಂದ ಎದ್ದು ಬಂದು ಹೊಡೆದಾಡಿದರು. ಥಿಯೇಟರಿನಲ್ಲಿ ಶಿಳ್ಳೆ ಬಿತ್ತೇ ಹೊರತು ನಗು ಬೀಳಲಿಲ್ಲ.

ಹಟ್ಟಿಯ ಹೊರಗೆ, ಪಾತ್ರೆಯ ಒಳಗೆ

ಇಷ್ಟೆಲ್ಲ ಪ್ರಾಣಿವೀರರನ್ನು ಸಾಲಾಗಿ ನಿಲ್ಲಿಸಿದ ಮೇಲೆ ಅವ್ವನ ಪ್ರಶ್ನೆಗೆ ಮೊನೆ ಬಂತು. ಯಾರ ಮನೇದು?

ಕಾಳಿ ಅರಸನ ಕೈಯಿಂದ ಮಣಲೇರನ ಕೈಗೆ ಬಂದ ನಾಯಿ. ಬಡಮೈಲ ಜುಂಜಪ್ಪನದು. ದೇವರೆತ್ತು ದೇವರದು. ಸೇಡಿನ ನಾಯಿ ಯಜಮಾನನಿಗಾಗಿ ಓಡಿತು. ಪ್ರಾಣಿವೀರರಲ್ಲೆಲ್ಲ ಹಿರಿಯನಾದ, ನಮ್ಮ ಹೊಳಲ್ಕೆರೆ ಹೊಸದುರ್ಗದ ಒಂದೊಂದು ಊರಬಾಗಿಲಲ್ಲೂ ನಿಂತ ಆಂಜನೇಯನನ್ನೇ ಕೇಳಿ. ಕಡಲು ಹಾರಿ ಲಂಕೆ ಸುಟ್ಟವನು ‘ನಾನು ಹನುಮಂತ’ ಎನ್ನುವ ಮುಂಚೆ ‘ನಾನು ರಾಮನ ಬಂಟ’ ಎನ್ನುತ್ತಾನೆ. ನಮ್ಮ ಪ್ರಾಣಿ ಎಷ್ಟೇ ದೊಡ್ಡ ಸಾಹಸ ಮಾಡಲಿ, ಸಾಹಸ ಯಾರ ಲೆಕ್ಕಕ್ಕೆ ಜಮೆಯಾಗಬೇಕು ಎಂಬುದು ಮೊದಲೇ ತೀರ್ಮಾನ. ಪೀಠ ಕೊಡುತ್ತೇವೆ, ಕಲ್ಲು ನಿಲ್ಲಿಸುತ್ತೇವೆ, ಕೊರಳಹಗ್ಗ ಮಾತ್ರ ಬಿಚ್ಚುವುದಿಲ್ಲ.

ಕೋಳಿಗೆ ಅಷ್ಟೂ ದಕ್ಕಲಿಲ್ಲ. ಒಂದು ಅಗುಳು ಕಂಡರೂ ಬಳಗವನ್ನು ಕರೆಯುವ ಗುಣಕ್ಕೆ ಬಸವಣ್ಣನವರು ಕಾಗೆಯ ಜತೆ ಅದನ್ನೂ ಮೆಚ್ಚಿದ್ದರು. ನಾವು ಮೆಚ್ಚಿದ್ದು ಸಾರನ್ನು. ಮೈಮೇಲೆ ಗಾಳಿ ಬಂತೆಂದರೆ ಕೋಳಿ ನಿವಾಳಿಸುತ್ತಿದ್ದರು. ಮಗುವಿನ ತಲೆ ಸುತ್ತ ಮೂರು ಸುತ್ತು, ಆಮೇಲೆ ಮಾರಿಯ ಮುಂದೆ ಕತ್ತು. ಯೋಚಿಸಿದರೆ, ಮನುಷ್ಯನಿಗೆ ಹಿಡಿದ ರಾಕ್ಷಸನನ್ನು ತನ್ನ ಮೈಮೇಲೆ ಎಳೆದುಕೊಂಡು ಹೋಗುವ ಕೆಲಸವನ್ನು ನಮ್ಮ ಕೋಳಿ ಎಷ್ಟೋ ಕಾಲದಿಂದ ಮಾಡುತ್ತಿದೆ. ಸಂಬಳವಿಲ್ಲ, ಹೆಸರಿಲ್ಲ. ಅದರ ಒಪ್ಪಿಗೆ ಕೇಳಿದವರಂತೂ ಇಲ್ಲವೇ ಇಲ್ಲ. ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ?

ಆದರೆ ಇದೇ ಜಿಲ್ಲೆಯಲ್ಲಿ ಕೋಳಿಗೆ ನಿಜವಾಗಿ ಅಂಜಿದವರೂ ಇದ್ದಾರೆ. ಎತ್ತನ್ನು ದೇವರೆನ್ನುವ ಮ್ಯಾಸಬೇಡರ ಕಟ್ಟುಕಟ್ಟಳೆಯಲ್ಲಿ ಕೋಳಿ ಸಾಕುವಂತಿಲ್ಲ, ತಿನ್ನುವಂತಿಲ್ಲ. ಕುರಿ, ಮೇಕೆ ತಿನ್ನುವವರು ಕೋಳಿಯನ್ನು ಮಾತ್ರ ಹಟ್ಟಿಯ ಹೊರಗೇ ಇಟ್ಟರು. ಉಳಿದವರು ಪಾತ್ರೆಯ ಒಳಗಿಟ್ಟರು. ಹಟ್ಟಿಯ ಹೊರಗೆ, ಪಾತ್ರೆಯ ಒಳಗೆ: ಇವೆರಡರ ನಡುವೆ ಹುಂಜವೊಂದು ತನ್ನಷ್ಟಕ್ಕೆ ನಿಂತು ಎದೆಯುಬ್ಬಿಸುವುದಕ್ಕೆ ಜಾಗವನ್ನು ನಾವು ಬಿಟ್ಟೇ ಇಲ್ಲ.

ಕೇಜಿ ನಿಂತಿರುವುದು ನಾವು ಬಿಡದ ಆ ಜಾಗದಲ್ಲಿ. ಅವನಿಗೆ ಯಜಮಾನನಿಲ್ಲ. ತಂಗಿ ಅವನದೇ, ಸೇಡು ಅವನದೇ, ದಾರಿ ಅವನದೇ. ಮನುಷ್ಯರನ್ನು ಉಳಿಸುತ್ತಾನೆ, ಅವರ ಬಂಟನಾಗುವುದಿಲ್ಲ. ಕಾಳು ಹಾಕಿದ ಕೈಯ ಋಣ ಅವನ ಮೇಲಿಲ್ಲ. ಹೆಸರೇ ಅಂಗಳದ ಹಕ್ಕಿ, ಆದರೆ ಅಂಗಳವೇ ಇಲ್ಲದವನು. ಈ ಅನಿಮೆಯಲ್ಲಿ ನನಗೆ ಹೊಸದಾಗಿ ಕಂಡದ್ದು ಹುಂಜ ರಾಕ್ಷಸನನ್ನು ಒದ್ದದ್ದಲ್ಲ. ಅಂಥ ಒದೆಗಳನ್ನು ನಾವು ಬೇಕಾದಷ್ಟು ಕಂಡವರು. ಒದ್ದಾದ ಮೇಲೆ ಅದು ಯಾರ ಕಡೆಗೂ ತಿರುಗಿ ನೋಡದೆ ಹೊರಟುಹೋಯಿತಲ್ಲ, ಅದು.

ಮುಂದಿನ ಸಲ ಊರಿಗೆ ಹೋದಾಗ ಚಿತ್ರದುರ್ಗ ದಾಟಿದ ಮೇಲೆ ಗುಡ್ಡಗಳ ನೆತ್ತಿಯ ಗಾಳಿಯಂತ್ರಗಳು ಸಾಲಾಗಿ ಕೈ ಬೀಸುತ್ತಿದ್ದವು. ಜತೆಗಿದ್ದ ತಮ್ಮನ ಮಗ ಅವನ್ನು ತೋರಿಸಿ, ‘ದೊಡ್ಡಪ್ಪ, ಇವು ಎದ್ದು ಬಂದ್ರೆ ಕೇಜಿ ಒಂದೇ ಸಾಕು’ ಅಂದ. ಈ ಸಲ ಅವನು ನಗಲಿಲ್ಲ. ಕಥೆ ಅವನೊಳಗೆ ಇಳಿದಿತ್ತು.

ಮನೆ ತಲುಪುವಾಗ ಭಾನುವಾರದ ಹತ್ತೂವರೆ. ಒಲೆ ಮೇಲೆ ನಾಟಿಕೋಳಿ ಸಾರು ಕುದಿಯುತ್ತಿತ್ತು. ನಾನು ಹುಡುಕಿ ತಂದ ಉತ್ತರವನ್ನು ಅವ್ವನಿಗೆ ಒಪ್ಪಿಸಿದೆ. ‘ಅವ್ವ, ಅವತ್ತು ಕೇಳಿದ್ದೆಯಲ್ಲ, ಆ ಜಪಾನಿನ ಹುಂಜ, ಅದು ಯಾರ ಮನೇದೂ ಅಲ್ಲವಂತೆ.’

ಅವ್ವ ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ಉಪ್ಪು ನೋಡಿದಳು.

‘ಅದ್ಕೇ ಇನ್ನೂ ಬದುಕೈತೆ’ ಅಂದಳು.